ಒಂದು ಬಕೀಟು, ಒಂದು ಗುರುವಾರ

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಹಾಸನದ ಅಂಗಡಿಯೊಂದರಲ್ಲಿ ಕಾರು ತೊಳೆಯುವ ದ್ರಾವಣದ ಬಾಟಲಿ ತೋರಿಸಿ ಅಂಗಡಿಯವನು ನನಗೆ ಪಾಠ ಮಾಡತೊಡಗಿದ. "ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ ಹಾಕಿ ಸಾರ್. ಬಟ್ಟೆ ಅದ್ದಿ ಒರೆಸಿ. ಮೇಲೆ ನೀರು ಹುಯ್ಯೋ ಹಾಗೇ ಇಲ್ಲ. ಹೊಸಾ ಟೆಕ್ನಿಕ್ಕು." ನನಗೆ ನಗು ತಡೆಯಲಾಗಲಿಲ್ಲ. ಅವನಿಗೆ ಬೇಜಾರಾಯಿತು. ಅವನ ತಪ್ಪೇನೂ ಇರಲಿಲ್ಲ, ಪಾಪ. ಆ ಹೊಸಾ ಟೆಕ್ನಿಕ್ಕನ್ನು ನಾನು ಹತ್ತು ವರ್ಷ ಮೊದಲೇ ಹೊಳೆನರಸೀಪುರದಲ್ಲಿ, ಅಂಟುವಾಳಕಾಯಿ ನೆನೆಸಿದ ನೀರಿನಲ್ಲಿ, ಒಬ್ಬ ಸರ್ಕಾರಿ ಜೀಪಿನ ಡ್ರೈವರಿಂದ ಕಲಿತಿದ್ದೆ. ಯಾಕೆ ಕಲಿಯಬೇಕಾಯಿತು ಎನ್ನುವುದು ಮಾತ್ರ ಅಂಗಡಿಯಲ್ಲಿ ನಿಂತು ಹೇಳುವಂಥ ವಿಷಯವಲ್ಲ.

ಆಗ ನಾನು ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟರು. ಹೆಂಡತಿ ಹೆರಿಗೆಗೆಂದು ಚನ್ನರಾಯಪಟ್ಟಣದ ತವರಿಗೆ ಹೋಗಿದ್ದಳು. ಹೆರಿಗೆ ಕಷ್ಟದ್ದಾಗಿತ್ತು. ತಾಯಿ ಮಗು ಇಬ್ಬರೂ ಉಳಿದರೆ ತಿರುಪತಿಗೆ ಬಂದು ಮುಡಿ ಕೊಡುತ್ತೇನೆಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹರಕೆ ಹೊತ್ತಿದ್ದೆ. ಇಬ್ಬರೂ ಉಳಿದರು. ಮಗುವಿಗೆ ತಿಂಗಳು ತುಂಬಿದ ಮೇಲೆ ಹೋಗಿ ತಲೆ ಬೋಳಿಸಿಕೊಂಡು ಬಂದೆ. ಬಂದವನಿಗೆ ಇನ್ನೊಂದು ಹುಚ್ಚು ಹತ್ತಿತು: ಬಾಣಂತಿಯನ್ನು, ಮಗುವನ್ನು ಬಸ್ಸಿನಲ್ಲಿ ಕರೆತರಬಾರದು, ಸ್ವಂತ ಕಾರಿನಲ್ಲೇ ಕರೆತರಬೇಕು. ಹಾಸನದಲ್ಲಿ ಒಬ್ಬರು ವರ್ಗವಾಗಿ ಊರು ಬಿಡುತ್ತಿದ್ದರು. ಅವರ ಹಳೆಯ ಬಿಳಿ ಕಾರು ಮಾರಾಟಕ್ಕಿದೆ ಎಂದು ಗುರುವಾರ ಬೆಳಿಗ್ಗೆ ತಿಳಿಯಿತು, ಗುರುವಾರ ಸಂಜೆ ಅದು ನಮ್ಮ ಮನೆಯ ಮುಂದಿತ್ತು. ಯಾರನ್ನೂ ಕೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆ ಎನ್ನುವುದು ಗೊತ್ತಿತ್ತು.

ನಮ್ಮ ರಸ್ತೆ ಇಳಿಜಾರು. ನಮ್ಮ ಮನೆ ಮೇಲೆ, ಅದರ ಕೆಳಗೆ ಗೌಡರ ಮನೆ. ಗೌಡರೆಂದರೆ ನಾನು ಹೇಳಿದ ಆ ಜೀಪಿನ ಡ್ರೈವರು, ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರಿಗೆ ಮಾತು ಕಡಿಮೆ ಇರಲಿಲ್ಲ. ಒಬ್ಬಳೇ ಮಗಳು, ಬಿ.ಎ. ಮುಗಿಸಿದ್ದಳು, ಹೈಸ್ಕೂಲಿನಲ್ಲಿ ನನ್ನ ಹತ್ತಿರ ಲೆಕ್ಕ ಕಲಿತವಳು. ಹೆಂಡತಿ ಊರಿಗೆ ಹೋದ ಮೇಲೆ ನನ್ನ ಸಾರು, ಪಲ್ಯ ಎಲ್ಲ ಕಾಂಪೌಂಡಿನ ಮೇಲಿಂದ ಅವರ ಮನೆಯಿಂದಲೇ ಬರುತ್ತಿತ್ತು.

ಶನಿವಾರ ಗೌಡರು ಕಾರನ್ನು ಒಂದು ಸುತ್ತು ಹಾಕಿ ನೋಡಿದರು. ನಾನು ಹೊಸದಾಗಿ ತಂದ ಉದ್ದನೆಯ ಪೈಪು ಬಿಚ್ಚುತ್ತಿದ್ದೆ.

"ಅಷ್ಟ್ ನೀರ್ಯಾಕ್ ಮೇಷ್ಟ್ರೇ? ಒಂದ್ ಬಕೀಟು ಸಾಕು ಕಣ್ರೀ. ನಾನು ಜೀಪ್ನ ಇಪ್ಪತ್ ವರ್ಸದಿಂದ ಒಂದೇ ಬಕೀಟ್ನಲ್ಲಿ ಮಾಡ್ತೀನಿ."

"ಅದು ಒರೆಸೋದು ಗೌಡ್ರೇ, ತೊಳೆಯೋದಲ್ಲ" ಅಂದೆ. ಮೇಷ್ಟರ ಧಾಟಿಯಲ್ಲೇ ಅಂದೆ. ಗೌಡರು ಸರಿ ಎಂದು ತಲೆ ಆಡಿಸಿ ಹೋದರು.

ಮರುದಿನ ಭಾನುವಾರ ಅವರ ಮಗಳನ್ನು ನೋಡಲು ಅರಕಲಗೂಡಿನ ಕಡೆಯಿಂದ ಗಂಡಿನವರು ಬರುವವರಿದ್ದರು. ಇದು ನನಗೆ ಗೊತ್ತಿತ್ತು ಎಂದು ಒಪ್ಪಿಕೊಳ್ಳಲೇಬೇಕು. ಗೊತ್ತಿದ್ದೂ ತಲೆಯಲ್ಲಿ ಕಾರೊಂದೇ ಇತ್ತು. ಬೆಳಿಗ್ಗೆ ಬರಿಮೈಯಲ್ಲಿ ಪಂಚೆ ಎತ್ತಿಕಟ್ಟಿ ಪೈಪು ಹಿಡಿದೆ. ಎಷ್ಟು ನೀರು ಬಿಟ್ಟೆನೋ ಲೆಕ್ಕವಿಲ್ಲ. ಮೇಲಿನ ಧೂಳು, ಕೆಳಗಿನ ಕೆಸರು ಎಲ್ಲ ಸೇರಿ ಇಳಿಜಾರಿನಲ್ಲಿ ಹರಿದು ಅಕ್ಕ ಬೆಳಗ್ಗೆ ಬೆಳಗ್ಗೆಯೇ ಎದ್ದು ಬಿಟ್ಟಿದ್ದ ರಂಗೋಲಿಯ ಮೇಲೆ ಹಾದುಹೋಯಿತು. ನಾನು ನೋಡಲಿಲ್ಲ. ಗೌಡರು ನೆಂಟರನ್ನು ಕರೆತರಲು ಬಸ್ ಸ್ಟಾಂಡಿಗೆ ಹೋಗಿದ್ದರು. ತಾಯಿ ಮಗಳು ಹಿತ್ತಲ ಕಡೆಯ ಅಡುಗೆಮನೆಯಲ್ಲಿದ್ದರು. ಅವರೂ ನೋಡಲಿಲ್ಲ.

ನೆಂಟರು ಬಸ್ ಸ್ಟಾಂಡಿನವರೆಗೂ ಹೋಗದೆ ಹಿಂದಿನ ಸ್ಟಾಪಿನಲ್ಲೇ ಇಳಿದು, ದಾರಿ ಕೇಳಿಕೊಂಡು ನಡೆದೇ ಬಂದರು. ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟ ಇಬ್ಬರು ಹಿರಿಯರು, ಹೂವು ಹಣ್ಣಿನ ಬ್ಯಾಗು ಹಿಡಿದ ಇಬ್ಬರು ಹೆಂಗಸರು. ಗೌಡರ ಬಾಗಿಲ ಮುಂದೆ ನಿಂತರು, ಗುಸುಗುಸು ಎಂದರು. ನಾನು ಆ ಕ್ಷಣ ಏನಂದುಕೊಂಡೆ ಎಂದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ನನ್ನ ಕಾರು ನೋಡುತ್ತಿದ್ದಾರೆ ಅಂದುಕೊಂಡೆ.

ಅವರು ನೋಡುತ್ತಿದ್ದುದು ಬೇರೆ. ಬಾಗಿಲ ಮುಂದೆಲ್ಲ ತೊಳೆದ ನೀರು, ರಂಗೋಲಿಯ ಒಂದು ಎಳೆಯೂ ಇಲ್ಲ. ಪಕ್ಕದಲ್ಲೇ ಬೋಳುತಲೆಯ, ಬರಿಮೈಯ, ಒದ್ದೆ ಪಂಚೆಯ ಗಂಡಸೊಬ್ಬ ನೀರು ಸುರಿಯುತ್ತಾ ನಿಂತಿದ್ದಾನೆ. ನಮ್ಮ ಸೀಮೆಯಲ್ಲಿ ಇದಕ್ಕೆ ಇರುವುದು ಒಂದೇ ಅರ್ಥ.

ಹಿರಿಯರೊಬ್ಬರು ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು. "ಯಾವತ್ತಾಯ್ತು ಸಾ?"

"ಮೊನ್ನೆ ಗುರುವಾರ" ಅಂದೆ.

"ಇದ್ದಕ್ಕಿದ್ದಂಗೇನಾ?"

"ಹೂಂ, ಇದ್ದಕ್ಕಿದ್ದ ಹಾಗೆ. ನಮಗೇ ಇನ್ನೂ ನಂಬಿಕೆ ಬಂದಿಲ್ಲ."

ಅವರು ನನ್ನ ಹಸಿ ಹೆಗಲನ್ನು ಮೆಲ್ಲಗೆ ಒಮ್ಮೆ ಮುಟ್ಟಿದರು. "ಏನ್ ಮಾಡಕಾಯ್ತದೆ. ಧೈರ್ಯ ತಗಳಿ. ನಾವ್ ಓಯ್ತೀವಿ" ಎಂದು ತಿರುಗಿ ಹೊರಟೇಬಿಟ್ಟರು. ಹಳೇ ಕಾರು ಕೊಂಡವನಿಗೆ ಧೈರ್ಯ ಹೇಳುತ್ತಾರಲ್ಲ, ಅನುಭವಸ್ಥರು ಇರಬೇಕು ಎಂದುಕೊಂಡು ನಾನು ಮತ್ತೆ ಪೈಪು ಎತ್ತಿಕೊಂಡೆ.

ಗೌಡರು ಮೂರು ಬಸ್ಸು ನೋಡಿ ಬರಿಗೈಯಲ್ಲಿ ವಾಪಸ್ಸಾದರು. ಮನೆಯವರು ಸಂಜೆಯವರೆಗೂ ಕಾದರು. ಕೇಸರಿಬಾತು ತಣ್ಣಗಾಯಿತು. ಹುಡುಗಿ ರೇಷ್ಮೆ ಸೀರೆ ಬಿಚ್ಚಿ ಮಡಿಸಿಟ್ಟಳಂತೆ. ಮುಖ ಕೂಡ ನೋಡದೆ ಬೇಡ ಅಂದರಲ್ಲ ಎಂದು ಒಂದು ಸಲ ಅಂದಳಂತೆ, ಅಷ್ಟೆ. ರಾತ್ರಿ ಕಾಂಪೌಂಡಿನ ಮೇಲಿಂದ ನನಗೂ ಕೇಸರಿಬಾತು ಬಂತು. ತಿಂದೆ. ಆ ನಾಲ್ವರು ಯಾರು ಎನ್ನುವುದು ಆಗಲೂ ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ಬುಧವಾರ ಗೌಡರ ಮನೆಗೆ ಒಂದು ಕಾರ್ಡು ಬಂತು. ಗೌಡರು ಅದನ್ನು ಜಗಲಿಯ ಮೇಲೆ ಕೂತು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದರು, ನಾನು ಈಚೆ ನಿಂತು ಕೇಳಿಸಿಕೊಂಡೆ. ತಮ್ಮ ಮನೆಯಲ್ಲಿ ನಡೆದ ಅಶುಭ ತಿಳಿಯದೆ ಬಂದುಬಿಟ್ಟೆವು, ಬಾಗಿಲಲ್ಲಿ ರಂಗೋಲಿ ಇಲ್ಲದ್ದು ಕಂಡು ಒಳಗೆ ಬರಲಿಲ್ಲ, ಗುರುವಾರ ಆಯಿತೆಂದು ಅಲ್ಲಿದ್ದವರಿಂದ ತಿಳಿದು ದುಃಖವಾಯಿತು, ದೇವರು ತಮಗೆ ಶಾಂತಿ ಕೊಡಲಿ.

ಗೌಡರು ಕಾರ್ಡನ್ನು ತಿರುಗಿಸಿ ನೋಡಿ, "ಇರೋದೇ ಮೂರ್ ಜನ. ಅದ್ರಲ್ಲಿ ಯಾರ್ ಓದ್ರು ಅಂತ ನಂಗೂ ಗೊತ್ತಾಯ್ತಿಲ್ವಲ್ಲೇ" ಅಂದರು. ಅಕ್ಕ ನಗಲಿಲ್ಲ. ಮೊದಲು ರಂಗೋಲಿ ಯಾರಿಂದ ಹೋಯಿತು ಎನ್ನುವುದು ಅವರಿಗೆ ಹೊಳೆಯಿತು, ನೆಟ್ಟಗೆ ನನ್ನ ಕಡೆ ತಿರುಗಿದರು. "ನಿಮ್ ಕಾರಿಗ್ ಬೆಂಕಿ ಬೀಳ" ಎಂದು ಶುರು ಮಾಡಿದರು. ಅದನ್ನು ನಾನು ತಲೆ ಬಗ್ಗಿಸಿ ಕೇಳಿಸಿಕೊಂಡೆ, ನ್ಯಾಯವಾಗಿಯೇ ಇತ್ತು. ಆಮೇಲೆ ಬಂದದ್ದು ಗುರುವಾರ. "ಯಾವನೋ ಬೇಕ್ ಬೇಕಂತ ಕಲ್ಲಾಕವ್ನೆ. ಗುರುವಾರ ಅಂದೋನ ಬಾಯಿಗೆ ಉಳ ಬೀಳ. ಅವ್ನ ಮನೇಲಿ ದೀಪ ಹಚ್ಚೋರಿಲ್ದಂಗಾಗ್ಲಿ."

ಚನ್ನರಾಯಪಟ್ಟಣದಲ್ಲಿ ತಿಂಗಳ ಕೂಸು ಮಲಗಿತ್ತು. "ಅಂದೋನು ನಾನೇ, ಅಕ್ಕ, ಆ ಬಾಯಿ ನನ್ನದೇ" ಅನ್ನಬೇಕಿತ್ತು. ಬಾಯಿ ತೆರೆದೆ. "ಛೆ, ಎಂಥಾ ಜನ ಇರ್ತಾರೆ" ಎಂಬ ಮಾತು ಬಂತು. ಹೇಡಿ ಎಂದರೆ ಹೇಡಿ, ಬೇರೆ ಪದ ಹುಡುಕುವುದಿಲ್ಲ.

ಗೌಡರು ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ, ಎಲ್ಲರೂ ಕ್ಷೇಮ ಎಂದು ತಿರುಗಿ ಕಾರ್ಡು ಬರೆದರು. ಉತ್ತರ ಬರಲಿಲ್ಲ. ಬರುವುದಾದರೂ ಹೇಗೆ? ಆ ಕಡೆಯವರು ಕಣ್ಣಾರೆ ನೋಡಿ, ಕಿವಿಯಾರೆ ಕೇಳಿ ಹೋಗಿದ್ದಾರೆ. ಈಗ ಏನೂ ಆಗಿಲ್ಲವೆಂದರೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದಾಯಿತು. ಸುಳ್ಳು ಇರುವ ಮನೆಯಿಂದ ಹೆಣ್ಣು ತರಲು ಯಾರೂ ಮುಂದೆ ಬರುವುದಿಲ್ಲ. ಆಷಾಢ ಬೇರೆ ಹತ್ತಿರ ಬರುತ್ತಿತ್ತು. ಆಷಾಢದಲ್ಲಿ ಹೆಣ್ಣು ನೋಡುವುದಿಲ್ಲ. ಅಷ್ಟರೊಳಗೆ ಅವರು ಬೇರೆ ಕಡೆ ನೋಡಿಕೊಂಡರೆ ಮುಗಿಯಿತು.

ಮುಂದಿನ ಭಾನುವಾರ ಕಾರಿನ ಮೇಲೆ ಮತ್ತೆ ಧೂಳು ಕೂತಿತ್ತು. ನಲ್ಲಿಗೆ ಪೈಪು ಸಿಕ್ಕಿಸುವುದನ್ನು ನೋಡಿ ಅಕ್ಕ ಪೊರಕೆ ಹಿಡಿದು ರಂಗೋಲಿಯ ಪಕ್ಕ ಬಂದು ನಿಂತರು. ಹಿಂದೆಯೇ ಗೌಡರು ಒಂದು ಬಕೀಟು ಹಿಡಿದು ಬಂದರು.

"ಪೈಪ್ ಮಡಗಿ ಮೇಷ್ಟ್ರೇ. ಬನ್ನಿ, ಏಳ್ಕೊಡ್ತೀನಿ."

ಬಕೀಟಿನಲ್ಲಿ ಹಿಂದಿನ ರಾತ್ರಿ ಅಂಟುವಾಳಕಾಯಿ ನೆನೆಸಿ ಸೋಸಿದ ತಿಳಿನೀರು. ನೊರೆ ಏಳುವಷ್ಟು ಇರಬಾರದು, ಕೈಯಿಟ್ಟರೆ ಜಾರಬೇಕು. ಹಳೆಯ ಹತ್ತಿ ಪಂಚೆಯನ್ನು ಎಂಟು ತುಂಡು ಮಾಡಿದ್ದರು. ಒಂದೊಂದನ್ನೂ ನಾಲ್ಕು ಮಡಿಕೆ ಮಾಡಿದರೆ ಒಂದೇ ಬಟ್ಟೆಗೆ ಎಂಟು ಮಗ್ಗುಲು. ಮೊದಲು ಒದ್ದೆ ಬಟ್ಟೆಯನ್ನು ಧೂಳಿನ ಮೇಲೆ ಸುಮ್ಮನೆ ಹಾಸಬೇಕು, ಒತ್ತಬಾರದು. ಧೂಳು ನೆನೆಯುವವರೆಗೆ ತಾಳ್ಮೆ ಬೇಕು. ಆಮೇಲೆ ಮೇಲಿನಿಂದ ಕೆಳಕ್ಕೆ ಒಂದೇ ಎಳೆತ, ಮಗ್ಗುಲು ಬದಲಾಯಿಸಬೇಕು, ಪಕ್ಕದ ಪಟ್ಟಿಗೆ ಹೋಗಬೇಕು. ಕೊಳೆಯಾದ ಬಟ್ಟೆ ಮತ್ತೆ ಬಕೀಟಿಗೆ ಇಳಿಯುವ ಹಾಗಿಲ್ಲ. ಮೊದಲು ಚಾವಣಿ, ಆಮೇಲೆ ಗಾಜು, ಬಾನೆಟ್ಟು, ಬಾಗಿಲು, ಕೊನೆಗೆ ಕೆಳಗಿನ ಅಂಚು. ಚಕ್ರದ ಬಟ್ಟೆ ಬೇರೆ. ಹಿಂದೆಯೇ ಒಣಬಟ್ಟೆಯಲ್ಲಿ ಒಂದು ಕೈ. ಬಿಸಿಲು ಏರುವುದರೊಳಗೆ ಮುಗಿಯಬೇಕು.

ನಾನು ಸ್ಲೇಟು ಉಜ್ಜುವ ಹಾಗೆ ಸುತ್ತ ಸುತ್ತ ಉಜ್ಜತೊಡಗಿದೆ. ಗೌಡರು ನನ್ನ ಮುಂಗೈ ಹಿಡಿದರು. "ಉಜ್ಬಾರ್ದು ಸಾ. ಮಣ್ಣಲ್ಲಿ ಮರಳಿರ್ತದೆ, ಗೀರಾಯ್ತದೆ. ಕೊಳೇನ ಎತ್ಕೊಬೇಕು ಅಷ್ಟೇಯ."

ಮುಗಿದಾಗ ಬಕೀಟಿನಲ್ಲಿ ಇನ್ನೂ ಅರ್ಧ ನೀರಿತ್ತು. ರಸ್ತೆಗೆ ಬಿದ್ದದ್ದು ಹತ್ತಿಪ್ಪತ್ತು ಹನಿ. ಕಾರು ನಾನು ಪೈಪಿನಲ್ಲಿ ತೊಳೆದದ್ದಕ್ಕಿಂತ ಚೆನ್ನಾಗಿ ಹೊಳೆಯುತ್ತಿತ್ತು. ನನಗೆ ಮಾತ್ರ ಒಂದು ಗಳಿಗೆಯೂ ಸಮಾಧಾನ ಇರಲಿಲ್ಲ. ನಾನು ಯಾರ ಮನೆ ಹಾಳು ಮಾಡಿದೆನೋ ಆ ಮನುಷ್ಯನೇ ನನ್ನ ಪಕ್ಕದಲ್ಲಿ ಮೊಣಕಾಲೂರಿ ನನ್ನ ಕಾರಿನ ಬಾಗಿಲು ಒರೆಸುತ್ತಿದ್ದಾನೆ, ಆಚೆ ಕಾಂಪೌಂಡಿನಿಂದ ಗುರುವಾರ ಅಂದವನಿಗೆ ಶಾಪ ಕೇಳಿಬರುತ್ತಿದೆ. ಅಕ್ಕ ಬಟ್ಟೆ ಒಗೆಯುವಾಗ, ಪಾತ್ರೆ ತೊಳೆಯುವಾಗ ಅದನ್ನೇ ಹೇಳುತ್ತಿದ್ದರು. ಕಾಂಪೌಂಡಿನ ಮೇಲಿಂದ ಬರುತ್ತಿದ್ದ ಸಾರು ನಿಂತಿತ್ತು. ಹುಡುಗಿ ಎದುರಾದರೆ ನಾನೇ ಬೇರೆ ಕಡೆ ನೋಡುತ್ತಿದ್ದೆ.

ಅದರ ಮುಂದಿನ ಭಾನುವಾರವೂ ಗೌಡರು ಬಂದರು. ಈ ಸಲ ನಾನು ಒರೆಸಿದೆ, ಅವರು ನೋಡಿದರು. ಹೇಳಿಬಿಡಬೇಕು ಅಂದುಕೊಂಡೆ, ಹೇಳಲಿಲ್ಲ. ಚನ್ನರಾಯಪಟ್ಟಣಕ್ಕೆ ಹೋಗಿ ಹೆಂಡತಿಯ ಮುಂದೆ ಎಲ್ಲ ಒಪ್ಪಿಸಿದೆ. ಅವಳು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿ, "ಗೌಡ್ರಿಗೆ ಹೇಳಿ ಆಮೇಲೆ ಬನ್ನಿ, ಅಲ್ಲೀವರೆಗೆ ಆ ಕಾರು ನಾನು ಹತ್ತೋದಿಲ್ಲ" ಅಂದಳು.

ಮೂರನೆಯ ಭಾನುವಾರ. ಚಾವಣಿ ಮುಗಿದಿತ್ತು, ಗಾಜು ಮುಗಿದಿತ್ತು. ಬಾನೆಟ್ಟಿನ ಮೇಲೆ ಬಟ್ಟೆ ಹಾಸಿ ಧೂಳು ನೆನೆಯಲೆಂದು ಇಬ್ಬರೂ ಕಾಯುತ್ತಿದ್ದೆವು.

"ಗೌಡ್ರೇ, ಗುರುವಾರ ಅಂದೋನು ನಾನು."

ನಾನು ತಡವರಿಸುತ್ತಾ ಎಲ್ಲ ಹೇಳಿದೆ. ಕಾರಿನ ಮಾತು ಅಂದುಕೊಂಡೆ, ಇದ್ದಕ್ಕಿದ್ದ ಹಾಗೆ ಅಂದದ್ದೂ ನಾನೇ, ಮೊದಲೇ ಹೇಳಬೇಕಿತ್ತು, ಧೈರ್ಯ ಬರಲಿಲ್ಲ.

ಗೌಡರು ಅಂಗಿಯ ಜೇಬಿನಿಂದ ಆ ಕಾರ್ಡು ತೆಗೆದು ನನ್ನ ಕೈಗಿಟ್ಟರು. ಅವರು ಅಂದು ಗಟ್ಟಿಯಾಗಿ ಓದದೆ ಬಿಟ್ಟ ಒಂದು ಸಾಲು ಅದರಲ್ಲಿತ್ತು: ತಲೆ ಬೋಳಿಸಿಕೊಂಡು ಬಾಗಿಲು ತೊಳೆಯುತ್ತಿದ್ದವರೇ ಗುರುವಾರವೆಂದು ತಿಳಿಸಿದರು.

"ಈ ರಸ್ತೇಲಿ ಬೋಳ್ ತಲೆ ಒಂದೇ ಇದ್ದದ್ದು ಮೇಷ್ಟ್ರೇ" ಅಂದರು.

"ಮತ್ತೆ ಯಾಕೆ ಕೇಳಲಿಲ್ಲ?"

"ನಮ್ಮನೇವ್ಳ್ ಮುಂದೆ ಓದಿದ್ರೆ ನಿಮ್ಮನ್ ಬದುಕಕ್ ಬುಡ್ತಿದ್ಲಾ? ಅದೂ ಅಲ್ದೆ, ನಾನ್ ನಿಮ್ ಕುತ್ಗೆ ಇಡ್ದು ಕರ್ಕೊಂಡೋದ್ರೆ ಗಂಡಿನೋರು ನಾನೇ ಏಳ್ಕೊಟ್ಟಿದ್ದು ಅಂತಾರೆ. ಅಂದೋರೇ ಬಂದು ಬುಡ್ಸಿ ಏಳ್ಬೇಕಿತ್ತು. ನೀವಾಗೇ ಏಳ್ತೀರಾ ಅಂತ ಕಾಯ್ತಿದ್ದೆ."

ಅಲ್ಲಿಗೆ ನನಗೆ ಎಲ್ಲ ತಿಳಿಯಿತು. ಮೂರು ಭಾನುವಾರ ಅವರು ಬಕೀಟು ಹಿಡಿದು ಬಂದದ್ದು ನನಗೆ ಕಾರು ಒರೆಸುವುದನ್ನು ಕಲಿಸಲು ಮಾತ್ರವಲ್ಲ. ನಾಚಿಕೆಯಿಂದ ಸತ್ತೆ, ಅದರ ಜೊತೆಗೇ ಹೇಳಲಾಗದ ಹಗುರವೂ ಆಯಿತು. ಹದಿನೆಂಟು ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದಂತೆ ಉಸಿರು ಒಳಕ್ಕೆ ಬಂತು.

"ನಡೀರಿ, ಈಗಲೇ ಹೋಗೋಣ" ಅಂದೆ.

"ಬಾನೆಟ್ ಮುಗ್ಸಿ. ಅರ್ಧಂಬರ್ಧ ಕಾರ್ನಲ್ಲಿ ಬೀಗ್ರ ಮನೆಗ್ ಓಗಕಾಯ್ತದಾ?" ಅಂದರು. ಬೀಗರು ಎಂಬ ಮಾತು ಅವರ ಬಾಯಿಂದ ಆಗಲೇ ಬಂದಿತ್ತು.

ಗೌಡರೇ ಓಡಿಸಿದರು. ಅರಕಲಗೂಡು ದಾಟಿ ಹೊಗೆಸೊಪ್ಪಿನ ಸಸಿ ನೆಟ್ಟ ಹೊಲಗಳ ನಡುವೆ ಆ ಹಿರಿಯರ ಮನೆ. ಅವರು ಅಂಗಳದಲ್ಲಿ ಬೀಜದ ಶುಂಠಿ ಆರಿಸುತ್ತಾ ಕೂತಿದ್ದರು. ಗೌಡರನ್ನು ಕಂಡು ಎದ್ದರು, ನನ್ನನ್ನು ಕಂಡು ಮುಖ ಗಂಟಿಕ್ಕಿದರು. ನನ್ನ ತಲೆಯಲ್ಲಿ ಆಗ ಅರ್ಧ ಬೆರಳು ಕೂದಲು ಬಂದಿತ್ತು.

"ಸಾ, ನೀವೇ ಅಲ್ವರಾ ಅವತ್ತು ಗುರುವಾರ ಅಂದೋರು?"

"ಹೌದು. ಗುರುವಾರ ಬಂದದ್ದು ಈ ಕಾರು. ತಲೆ ಬೋಳಿಸಿಕೊಂಡದ್ದು ತಿರುಪತಿಯಲ್ಲಿ, ಮಗು ಹುಟ್ಟಿತು ಅಂತ. ಇವರ ಮನೆ ಮುಂದಿನ ರಂಗೋಲಿ ಅಳಿಸಿದ್ದೂ ನಾನೇ, ಪೈಪು ಬಿಟ್ಟು. ಗೌಡರ ಮನೆಯಲ್ಲಿ ಯಾರೂ ಸತ್ತಿಲ್ಲ. ಅವರು ಒಂದು ಸುಳ್ಳೂ ಹೇಳಿಲ್ಲ."

ಹಿರಿಯರು ನನ್ನನ್ನು ನೋಡಿದರು. ಹೋಗಿ ಕಾರನ್ನು ಸುತ್ತು ಹಾಕಿದರು. ಬಾನೆಟ್ಟಿನ ಮೇಲೆ ಕೈಯಿಟ್ಟರು. ಆಮೇಲೆ ಅವರ ಹೆಗಲು ಕುಲುಕತೊಡಗಿತು. ಮೊದಲು ಅಳುತ್ತಿದ್ದಾರೆಂದೇ ಹೆದರಿದೆ.

"ಇದ್ದಕ್ಕಿದ್ದಂಗೇನಾ ಅಂದ್ರೆ ಊಂ ಅಂದ್ಬುಟ್ರಲ್ಲ ಸಾ!" ಎಂದು ಹೊಟ್ಟೆ ಹಿಡಿದುಕೊಂಡರು. "ನಾನು ಧೈರ್ಯ ತಗಳಿ ಅಂದ್ನಲ್ಲಪ್ಪೋ! ಲೇ, ಬಾರೇ ಇಲ್ಲಿ, ಗುರುವಾರ ಸತ್ತಿರೋದನ್ನ ನೋಡ್ಬಾರೇ, ಇಲ್ಲೇ ನಿಂತೈತೆ!"

ಅವರ ಹೆಂಡತಿ ಬಂದರು, ನಕ್ಕರು, ಕಾಫಿ ಬಂತು. ಕಾಫಿ ಕುಡಿಯುವಾಗ ಹಿರಿಯರು ಗಂಭೀರವಾದರು. ನಾಳೆಯೇ ಕೊಣನೂರಿನಲ್ಲಿ ಇನ್ನೊಂದು ಹುಡುಗಿಯನ್ನು ನೋಡಲು ಹೋಗುವುದೆಂದು ಮಾತಾಗಿತ್ತಂತೆ. ನನ್ನ ಕೈಯ ಲೋಟ ಹಾಗೇ ನಿಂತಿತು. ಒಂದು ದಿನ ತಡವಾಗಿದ್ದರೆ?

"ಅದ್ನ ಬ್ಯಾಡ ಅಂತ ಏಳ್ ಕಳಿಸ್ತೀನಿ ಬುಡಿ. ನಮ್ ಹುಡ್ಗನಿಗೆ ಪೋಟೋ ನೋಡಿದಾಗ್ಲಿಂದ ನಿಮ್ ಮಗ್ಳೇ ಮನ್ಸಲ್ಲಿ. ಬರೋ ಭಾನ್ವಾರ ಬತ್ತೀವಿ. ಮೇಷ್ಟ್ರು ಮಾತ್ರ ಮೈಮೇಲೆ ಅಂಗಿ ಆಕ್ಕೊಂಡಿರ್ಲಿ" ಅಂದರು.

ವಾಪಸ್ಸು ದಾರಿಯುದ್ದಕ್ಕೂ ನಾನು ಒಬ್ಬನೇ ಮಾತಾಡಿದೆ, ಏನು ಮಾತಾಡಿದೆನೋ ನೆನಪಿಲ್ಲ. ಮನೆ ತಲುಪಿದಾಗ ಮಧ್ಯಾಹ್ನ ಮೀರಿತ್ತು. ಅಕ್ಕ ಗೇಟಿನಲ್ಲಿ ನಿಂತಿದ್ದರು. ಗೌಡರು ಇಳಿದು "ಬರೋ ಭಾನ್ವಾರ ಬತ್ತಾರಂತೆ" ಅಂದರು. ನಾನು ಅವರು ಮುಂದೆ ಏನಾದರೂ ಹೇಳುವ ಮೊದಲೇ ಹೇಳಿಬಿಟ್ಟೆ. "ಅಕ್ಕ, ಗುರುವಾರ ಅಂದೋನು ನಾನೇ. ನನ್ನ ಬಾಯಿಂದಲೇ ಆಗಿದ್ದು."

ಅಕ್ಕನ ಬಾಯಿ ತೆರೆಯಿತು. ಇನ್ನು ಶುರುವಾಗುತ್ತದೆ, ಆಗಲಿ, ಪೂರಾ ಕೇಳಿಸಿಕೊಳ್ಳೋಣ ಎಂದು ನಿಂತೆ. ಅಷ್ಟರಲ್ಲಿ ಒಳಗಿನಿಂದ ಹುಡುಗಿಯ ದನಿ ಬಂತು.

"ಅವ್ವಾ, ಹಸಿವಾಯ್ತೈತೆ. ಊಟಕ್ಕಿಕ್ಕು."

ಅಕ್ಕ ಹಾಗೇ ನಿಂತರು. ನನ್ನನ್ನು ಬೈಯುವುದು ಮರೆತೇಹೋಯಿತು. "ಕೇಳಿಸ್ತಾ?" ಎಂದು ಗಂಡನನ್ನು ಕೇಳಿದರು. "ಮೂರ್ ವಾರ ಆಯ್ತು, ಬಲವಂತ ಮಾಡಿದ್ರೂ ಊಟ ಸೇರಲ್ಲ ಅಂತಿದ್ಲು. ಇವತ್ತು ತಾನಾಗೇ ಕೇಳ್ತಾವ್ಳೆ." ಸೆರಗು ಸಿಕ್ಕಿಸಿಕೊಂಡು ಒಳಗೆ ಓಡಿದರು.

ತಟ್ಟೆಯ ಸದ್ದು ಕೇಳಿತು, ಸೌಟಿನ ಸದ್ದು ಕೇಳಿತು. ಗೌಡರೂ ನಾನೂ ಜಗಲಿಯ ಮೇಲೆ ಕೂತುಬಿಟ್ಟೆವು. ಗೌಡರು ಮುಖ ಆಚೆ ತಿರುಗಿಸಿಕೊಂಡರು. ನಾನು ತಿರುಗಿಸಿಕೊಳ್ಳಲಿಲ್ಲ, ರಸ್ತೆಯಲ್ಲಿ ಹೋಗುವವರೆಲ್ಲ ನೋಡುವ ಹಾಗೆ ಅತ್ತೆ. ಒಳಗೆ ಅವಳು ಇನ್ನೊಂದು ಸೌಟು ಸಾರು ಕೇಳುತ್ತಿದ್ದಳು.